ಮಿಕ್ಸರಿನ ಎರಡನೇ ಗುಂಡಿ

ಆದವಾನಿಯಲ್ಲಿ ನನಗೆ ಪ್ರಾಮಾಣಿಕ ಎಂಬ ಹೆಸರಿದೆ. ಗೋನೆಗಂಡ್ಲದಿಂದ, ಸಿ. ಬೆಳಗಲ್ಲಿನಿಂದ ಜನ ಬಸ್ಸು ಹತ್ತಿ ಬಂದು, ನಾಲ್ಕು ಒಳ್ಳೆಯ ಅಂಗಡಿಗಳನ್ನು ದಾಟಿ, ಹತ್ತಿ ಮಿಲ್ಲಿನ ಗೋಡೆಗೆ ಆತುಕೊಂಡಿರುವ ನನ್ನ ಮೈಕ್‌ಸೆಟ್ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಾರೆ. ಗುರುಪಾದಯ್ಯ ಕೆಟ್ಟ ಮಾಲು ಮಾರುವುದಿಲ್ಲ ಅನ್ನುತ್ತಾರೆ. ಈ ಹೆಸರು ನನಗೆ ಬಂದದ್ದು ಒಬ್ಬ ದೊಡ್ಡ ಮನುಷ್ಯರಿಗೆ ಎರಡು ವರ್ಷ ಬಿಡದೆ ಸುಳ್ಳು ಹೇಳಿದ್ದರಿಂದ. ಅವರು ಸೇತುಮಾಧವರಾಯರು.

ರಾಯರು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರಾಗಿದ್ದರು. ಯಾವ ಊರಿನ ಯಾವ ಹೊಲದ ಕಾಗದ ಯಾವ ಕಟ್ಟಿನಲ್ಲಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಕೆಲಸಕ್ಕೆ ಬಂದವರಿಂದ ಒಂದು ಲೋಟ ಚಹಾ ಸಹ ಕುಡಿದವರಲ್ಲ. ಹೀಗಾಗಿ ಕಚೇರಿಯಲ್ಲಿ ಅವರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಹನುಮಂತರಾಯನ ಗುಡಿಯ ಭಜನಾ ಮಂಡಳಿಯನ್ನು ಶುರು ಮಾಡಿದವರೂ ಅವರೇ. ಪ್ರತಿ ಗುರುವಾರ ಸಂಜೆ ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸುವವರು, ಎಲ್ಲರೂ ಹೋದ ಮೇಲೆ ಅದನ್ನು ಮಡಚಿಡುವವರು ಅವರೇ. ಇಂಥ ಮನುಷ್ಯನಿಗೆ ದೇವರು ಎಲ್ಲ ಕೊಟ್ಟು ಶ್ರುತಿಯೊಂದನ್ನು ಕೊಡಲು ಮರೆತಿದ್ದ. ಶ್ರುತಿ ಎಂಬುದು ರಾಯರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಹಾಗೆ. ಮೂವತ್ತು ವರ್ಷ ದಿನಾ ಎದುರು ಸಿಕ್ಕಿತು, ಪರಿಚಯ ಆಗಲಿಲ್ಲ.

ಮಂಡಳಿಯಲ್ಲಿ ನಿಜವಾಗಿ ಹಾಡುತ್ತಿದ್ದವರು ಗುಡಿಯ ಅರ್ಚಕರಾದ ವಾಸುದೇವಾಚಾರ್ಯರು. ಅವರ ಪಕ್ಕದಲ್ಲೇ ರಾಯರು ಕೂತು, ಅವರ ಜೊತೆ ಪ್ರತಿ ಸಾಲನ್ನೂ ಪೂರ್ತಿ ಎದೆಯಿಂದ ಹಾಡುತ್ತಿದ್ದರು. ಒಂದೇ ಮೈಕು ಇದ್ದ ಕಾಲದಲ್ಲಿ ತೊಂದರೆ ಇರಲಿಲ್ಲ. ಮೈಕು ಆಚಾರ್ಯರ ಬಾಯಿಗೆ ಹತ್ತಿರವಿರುತ್ತಿತ್ತು, ರಾಯರದು ಅರೆಬರೆ ಕೇಳಿಸುತ್ತಿತ್ತು.

ಎಪ್ಪತ್ತೆಂಟರಲ್ಲಿ ಹಳ್ಳಿಗಳಿಂದ ಮಂಡಳಿಗೆ ಕರೆ ಬರತೊಡಗಿದವು. ಒಂದು ಮೈಕು ಸಾಲದು ಎಂದು ನಾನು ಬಳ್ಳಾರಿಗೆ ಹೋಗಿ ಮಿಕ್ಸರ್ ನೋಡಿದೆ. ಮಿಕ್ಸರ್ ಅಂದರೆ ಹಲವು ಮೈಕುಗಳ ದನಿಯನ್ನು ಬೆರೆಸಿ ಒಂದೇ ತಂತಿಯಲ್ಲಿ ಆಂಪ್ಲಿಫೈಯರಿಗೆ ಕಳಿಸುವ ಪೆಟ್ಟಿಗೆ; ಒಂದೊಂದು ಮೈಕಿಗೂ ಒಂದೊಂದು ವಾಲ್ಯೂಮ್ ಗುಂಡಿ. ಎಂಟು ಮೈಕಿನದು ಟ್ರಂಕಿನಷ್ಟಿತ್ತು, ಅದಕ್ಕೆ ಬಸ್ಸಿನಲ್ಲಿ ಬೇರೆ ಟಿಕೀಟೇ ತೆಗೆಸಬೇಕಾಗುತ್ತಿತ್ತು. ನಾನು ನಾಲ್ಕರದನ್ನು ಆರಿಸಿದೆ. ತೊಡೆಯ ಮೇಲೆ ಇಟ್ಟುಕೊಳ್ಳಬಹುದು, ಕರೆಂಟು ಹೋದರೆ ಬ್ಯಾಟರಿ ಮೇಲೆ ನಡೆಯುತ್ತದೆ, ಹಿಂದೆ ಟೇಪ್ ರೆಕಾರ್ಡರಿಗೆ ತಂತಿ ಸಿಕ್ಕಿಸಲು ಒಂದು ತೂತೂ ಇದೆ. ನಾನು ಮಾಡಿದ ಒಳ್ಳೆಯ ಆಯ್ಕೆಗಳಲ್ಲಿ ಅದೂ ಒಂದು ಎಂದು ಈಗಲೂ ಹೇಳುತ್ತೇನೆ.

ಅದನ್ನು ಮೊದಲು ಹಚ್ಚಿದ್ದು ದೇವನಕೊಂಡದಲ್ಲಿ. ಒಂದನೇ ಗುಂಡಿ ಆಚಾರ್ಯರದು, ಎರಡನೆಯದು ರಾಯರದು, ಮೂರು ಹಾರ್ಮೋನಿಯಂ, ನಾಲ್ಕು ತಬಲಾ. ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ರಾಯರ ದನಿ ಜೀವನದಲ್ಲಿ ಮೊದಲ ಸಲ ಪೂರ್ತಿಯಾಗಿ ಹೊರಬಿತ್ತು. ಮುಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದೆ ಕೂತವರು ಬೀಡಿಯ ನೆಪ ಮಾಡಿ ಎದ್ದರು. ಆಚಾರ್ಯರು ಹಾಡುತ್ತಲೇ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಮರೆಯಲಾರೆ. ಎರಡನೇ ಹಾಡಿನಲ್ಲಿ ನಾನು ಎರಡನೇ ಗುಂಡಿಯನ್ನು ಸ್ವಲ್ಪ ಇಳಿಸಿದೆ. ಮೂರನೆಯದರಲ್ಲಿ ಪೂರ್ತಿ ಮುಚ್ಚಿದೆ. ಎದ್ದವರು ಬಂದು ಕೂತರು. ಮುಗಿದ ಮೇಲೆ ಊರಿನ ಹಿರಿಯರೊಬ್ಬರು ಬಂದು, "ಚಾಲಾ ಬಾಗಾ ಪಾಡಿನಾರು ಸಾಮಿ", ಬಹಳ ಚೆನ್ನಾಗಿ ಹಾಡಿದಿರಿ ಎಂದು ತೆಲುಗಿನಲ್ಲಿ ಹೇಳಿ ಇಬ್ಬರಿಗೂ ಕೈಮುಗಿದರು. ರಾಯರು, "ನಮ್ಮದೇನದ, ಎಲ್ಲಾ ಆಚಾರ್ರದು" ಎಂದರು. ಅವರು ವಿನಯಕ್ಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆಮೇಲೆ ಏಳು ವರ್ಷ ಆ ಗುಂಡಿ ಮೇಲೇಳಲಿಲ್ಲ. ಹಾರ್ನುಗಳು ಗುಡಿಯ ಮಾಡಿನ ಮೇಲೆ ಬೀದಿಗೆ ಮುಖ ಮಾಡಿ ಇರುತ್ತಿದ್ದವು. ಒಳಗೆ ಕೂತ ರಾಯರಿಗೆ ತಮ್ಮ ಬಾಯಿಂದ ಹೊರಟದ್ದೇ ಕಿವಿಗೆ ಬೀಳುತ್ತಿತ್ತು. ನಾನು ಮಿಕ್ಸರಿನಿಂದಲೇ ತಂತಿ ಎಳೆದು ಭಜನೆಯನ್ನು ಕ್ಯಾಸೆಟ್ ಮಾಡಿಕೊಡುತ್ತಿದ್ದೆ. ಅದನ್ನು ರಾಯರು ಅಂಗಡಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಹೆಂಗ ಬೆರೆತಾವ ನೋಡ್ರಿ ಅಯ್ಯನವರ. ಯಾವುದು ಆಚಾರ್ರದು, ಯಾವುದು ನಂದು, ಗೊತ್ತೇ ಆಗಂಗಿಲ್ಲ."

ನಾನು ಹೌದೆನ್ನುತ್ತಿದ್ದೆ. ಮನೆಗೆ ಹೋಗಿ ಹೆಂಡತಿ ಕೊಟ್ರಮ್ಮನ ಮುಂದೆ ಇದನ್ನು ಹೇಳಿ ನಕ್ಕೆ. ಆಕೆ ನಗಲಿಲ್ಲ. "ನೀವು ಮುಚ್ಚಿದ್ದು ಮೈಕಲ್ಲ, ಆ ಹಿರೇಮನುಷ್ಯಾರ ಬಾಯಿ" ಎಂದಳು. ಊಟಕ್ಕೆ ಕೂತವನಿಗೆ ಹೇಳುವ ಮಾತೇ ಅದು?

ಎಂಬತ್ಮೂರರಲ್ಲಿ ಒಂದು ದಿನ ರಾಯರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, ಹುಡುಗಿ ನೋಡಲು ಬಂದವರ ಹಾಗೆ ಅಂಗಿಯ ಕಾಲರು ಸರಿಮಾಡಿಕೊಂಡರು. ಆಮೇಲೆ ಹೇಳಿದರು: "ಎರಡು ವರ್ಷಕ್ಕ ರಿಟೈರ್ ಆಗ್ತೀನಿ. ಅಷ್ಟರಾಗ ಬರೇ ನನ್ನ ದನಿ ಇರೋದು ಒಂದು ಕ್ಯಾಸೆಟ್ ಆಗ್ಬೇಕಂತ ಆಸೆ ಅದ. ಮನಿಯಾಗೇ ಕೂತು ಮಾಡೋಣು. ಆಚಾರ್ರ ಜೋಡಿ ಹಾಡಿ ಹಾಡಿ, ನಂದು ಅಂತ ಒಂದೂ ಉಳೀಲಿಲ್ಲ ನೋಡ್ರಿ."

ಒಂಟಿಯಾಗಿ ಹಾಡಿದ್ದನ್ನು ಕೇಳಿದರೆ ಈ ಮನುಷ್ಯ ಮತ್ತೆ ಹಾಡುವುದಿಲ್ಲ. ಹಾಡದ ರಾಯರನ್ನು ನೆನಸಿಕೊಳ್ಳಲು ನನ್ನಿಂದ ಆಗಲಿಲ್ಲ.

"ಬರೇ ಟೇಪಿನಾಗ ಹಾಡಿದ್ರ ಚಲೋ ಬರಂಗಿಲ್ರಿ ರಾಯರ" ಎಂದೆ. "ದನಿಗೊಂದು, ಶ್ರುತಿಪೆಟ್ಟಿಗಿಗೊಂದು ಬ್ಯಾರೆ ಮೈಕ್ ಇಡಬೇಕು. ಮಿಕ್ಸರ್ ಬೇಕಾಗತೈತಿ."

"ನಿಮ್ಮದೇ ಅದ ಅಲ್ಲ?"

"ಅದು ಬಯಲಿಗೆ ಮಾಡಿದ್ದು. ಮನಿಯೊಳಗ ಕಿರಚತೈತಿ."

"ಹಂಗಾರ ಮನಿಗೆ ಆಗೋದು ಸಣ್ಣದೊಂದು ನೀವೇ ಆರಿಸಿ ಕೊಡ್ರಿ. ನನಗೇನು ತಿಳೀತದ."

ಹೀಗೆ ನಾನು ಮಿಕ್ಸರ್ ಆರಿಸಲು ಶುರು ಮಾಡಿದೆ. ಮೊದಲನೆಯದನ್ನು ತರಿಸಿ, ಹಚ್ಚಿ, "ಕೇಳ್ರಿ, ಗುಂಯ್ ಅಂತೈತಿ" ಎಂದೆ. ಮಿಲ್ಲಿನ ಮೋಟಾರು ನಡೆಯುವಾಗ ನನ್ನ ಅಂಗಡಿಯಲ್ಲಿ ಏನು ಹಚ್ಚಿದರೂ ಗುಂಯ್ ಅನ್ನುತ್ತದೆ. ಮೂವತ್ತು ವರ್ಷ ಶ್ರುತಿಪೆಟ್ಟಿಗೆಯ ದನಿ ಹಿಡಿಯದ ರಾಯರ ಕಿವಿ ಆ ಗುಂಯ್ ಅನ್ನು ತಟ್ಟನೆ ಹಿಡಿಯಿತು. "ಹೌದು, ಬ್ಯಾಡ" ಎಂದರು. ಹೈದರಾಬಾದಿನಿಂದ ಬಂದದ್ದು ಬ್ಯಾಟರಿ ಮೇಲೆ ನಡೆಯುತ್ತಿರಲಿಲ್ಲ. ಇನ್ನೊಂದರಲ್ಲಿ ಗುಂಡಿಗಳು ಒತ್ತೊತ್ತಾಗಿದ್ದವು. ಒಂದನ್ನು ತಿರುಗಿಸಲು ಹೋದರೆ ಪಕ್ಕದ್ದು ತಿರುಗುತ್ತದೆ ಎಂದೆ. ಟೇಪಿನ ತೂತು ಇಲ್ಲದ್ದು, ತೂತಿದ್ದರೂ ದನಿ ಜಾಸ್ತಿ ಕೊಟ್ಟು ರೆಕಾರ್ಡಿಂಗ್ ಒಡೆಸುವುದು, ಖಾಲಿ ಬಿಟ್ಟ ಮೈಕಿನ ತೂತಿನಿಂದ ಸುರ್ ಎಂಬ ಸದ್ದು ತರುವುದು, ಒಂದಲ್ಲ ಒಂದು ಸಿಗುತ್ತಿತ್ತು. ಏನೂ ಸಿಗದೆ ಹೋದಾಗ ಮುಚ್ಚಳದ ಸ್ಕ್ರೂ ತುಕ್ಕು ಹಿಡಿದಿದೆ ಎಂದದ್ದೂ ಉಂಟು.

ರಾಯರು ರೆಕಾರ್ಡ್ ರೂಮಿನ ಮನುಷ್ಯ. ಕಂದು ರಟ್ಟಿನ ಫೈಲೊಂದನ್ನು ತಂದು, ನಾನು ಹೇಳಿದ ಪ್ರತಿಯೊಂದು ದೋಷಕ್ಕೂ ನಂಬರು ಹಾಕಿ, ತಾರೀಖು ಹಾಕಿ, ಕಚೇರಿಯ ತೆಲುಗಿನಲ್ಲಿ ಬರೆದು ದಾರ ಪೋಣಿಸಿಟ್ಟರು. ಅವರ ಹಾಡುಗಳ ಪುಸ್ತಕ ಕನ್ನಡದಲ್ಲಿತ್ತು, ದೋಷಗಳ ಫೈಲು ತೆಲುಗಿನಲ್ಲಿ.

ಒಂದು ಸಲ ಗೋನೆಗಂಡ್ಲದ ಸುಂಕಪ್ಪ ಅಂಗಡಿಯಲ್ಲಿದ್ದ. ಊರಲ್ಲಿ ನಾಟಕ ಆಡಿಸುವವನು, ಮೈಕು ನೋಡಲು ಬಂದಿದ್ದ. ಗಿರಾಕಿ ಕೊಳ್ಳಲು ಕೂತಿರುವಾಗ ನಾನು ಪೆಟ್ಟಿಗೆಯನ್ನು ಮತ್ತೆ ಕಟ್ಟಿ ವಾಪಸು ಕಳಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ. "ಗಿರಾಕಿ ರೊಕ್ಕ ಹಿಡಕೊಂಡು ಕುಂತಾರ, ಈ ಸಾಮಿ ವದ್ದು, ಬ್ಯಾಡ ಅಂತಾನ. ಇಂಥಾ ವ್ಯಾಪಾರಿನ್ನ ನಾ ಎಲ್ಲೂ ಚೂಡಲೇದಪ್ಪ" ಎಂದು ಅರ್ಧ ತೆಲುಗಿನಲ್ಲಿ ಹೋದಲ್ಲೆಲ್ಲ ಸಾರಿದ. ನನ್ನ ಹೆಸರು ಬೆಳೆದದ್ದು ಅಲ್ಲಿಂದ. ಮಿಕ್ಸರ್ ಒಂದೂ ಮಾರದೆ, ಮಿಕ್ಸರ್ ಅಂದರೆ ಗುರುಪಾದಯ್ಯ ಎಂಬಂತಾಯಿತು.

ನಾನು ಲೆಕ್ಕ ಹಾಕದೆ ಹೋದದ್ದು ಒಂದೇ. ಎರಡು ವರ್ಷದಲ್ಲಿ ಹನ್ನೊಂದು ದೋಷ ಕಲಿತ ಮನುಷ್ಯನಿಗೆ ದೋಷವಿಲ್ಲದ್ದನ್ನು ಆರಿಸುವುದೂ ಬರುತ್ತದೆ. ರಾಯರು ನನಗೆ ಹೇಳದೆ ಬೊಂಬಾಯಿಯ ಅಂಗಡಿಗಳಿಗೆ ಕಾಗದ ಬರೆದರು. ಹನ್ನೊಂದು ಪ್ರಶ್ನೆ, ಹನ್ನೊಂದಕ್ಕೂ ಉತ್ತರ ಬೇಕು. ಮೂರು ಅಂಗಡಿಯವರು ಸುಮ್ಮನಾದರು, ನಾಲ್ಕನೆಯವನು ಉತ್ತರ ಕೊಟ್ಟ. ಎಂಬತ್ತೈದರ ಆಷಾಢದಲ್ಲಿ ರೈಲ್ವೆ ಪಾರ್ಸೆಲ್ ಬಿಡಿಸಿಕೊಂಡು ನೇರವಾಗಿ ನನ್ನ ಅಂಗಡಿಗೆ ಬಂದು ಬಿಚ್ಚಿದರು. ಎರಡು ಪಂಚಾಂಗ ಜೋಡಿಸಿಟ್ಟಷ್ಟು ಅಗಲದ ಪೆಟ್ಟಿಗೆ. ಫೈಲು ತೆರೆದು ಒಂದೊಂದೇ ದೋಷ ಓದಿದರು, ಒಂದೊಂದಕ್ಕೂ ಇಲ್ಲ ಎಂದು ಗೀಟು ಹಾಕಿದರು. ನಾನು ಅರ್ಧ ಗಂಟೆ ತಿರುಗಿಸಿ ಮುರುಗಿಸಿ ನೋಡಿದೆ.

"ಏನಂತೀರಿ ಅಯ್ಯನವರ?"

"ಚಲೋ ಐತ್ರಿ" ಎಂದೆ. ಎರಡು ವರ್ಷದಲ್ಲಿ ಅವರಿಗೆ ನಾನು ಹೇಳಿದ ಮೊದಲ ನಿಜ ಅದು.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಅವರ ಹೆಂಡತಿ ಅನ್ನಪೂರ್ಣಾಬಾಯಿಯವರು ಬೀದಿಯ ಸದ್ದು ಬಾರದಂತೆ ಕಿಟಕಿಗಳನ್ನು ಮುಚ್ಚಿದ್ದರು. ನನ್ನ ಕೈಗೆ ಕಾಫಿ ಕೊಟ್ಟು, "ಆರಿಸಿ ಮುಗೀತೇನ್ರಿ?" ಎಂದು ಕೇಳಿದರು.

"ಮುಗೀತ್ರಿ ತಾಯಿ."

"ಇನ್ನೊಂದು ನಾಲ್ಕು ವರ್ಷ ಆರಿಸಬೇಕಾಗಿತ್ತು" ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು.

ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟೆ. ದನಿಗೊಂದು, ಶ್ರುತಿಪೆಟ್ಟಿಗೆಗೊಂದು ಮೈಕಿಟ್ಟು, ಯಾವ ಬಟನ್ ಒತ್ತಬೇಕೆಂದು ರಾಯರಿಗೆ ತೋರಿಸಿ, ಮದುವೆಯೊಂದಕ್ಕೆ ಮೈಕ್‌ಸೆಟ್ ಕಟ್ಟಬೇಕು ಎಂದು ಹೇಳಿ ಹೊರಬಿದ್ದೆ. ಆಷಾಢದಲ್ಲಿ ಯಾರ ಮದುವೆ ಎಂದು ರಾಯರು ಕೇಳಲಿಲ್ಲ. ಅಂಥ ಹೇಡಿತನವನ್ನು ನಾನು ಮತ್ತೆ ಮಾಡಿಲ್ಲ.

ಮಂಗಳವಾರ ಅವರು ಮಿಕ್ಸರನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದರು. ಸ್ಟೂಲಿನ ಮೇಲೆ ಕೂರಲಿಲ್ಲ.

"ನೀವು ಹೇಳಿದ್ದು ಖರೆ. ಸಣ್ಣ ಮಿಕ್ಸರ್ ಒಂದೂ ಚಲೋ ಇರಂಗಿಲ್ಲ. ಇದರಾಗೂ ದೋಷ ಅದ. ಬಿಚ್ಚಿ ನೋಡ್ರಿ" ಎಂದು ಚೀಲ ಇಟ್ಟು ಹೊರಟುಹೋದರು.

ಚೀಲದಲ್ಲಿ ಫೈಲೂ ಇತ್ತು, ಕ್ಯಾಸೆಟ್ಟೂ ಇತ್ತು. ಫೈಲಿನಲ್ಲಿ ಹನ್ನೆರಡನೇ ದೋಷ ಬರೆದಿದ್ದರು, ಅದೊಂದು ಮಾತ್ರ ಕನ್ನಡದಲ್ಲಿ: "ದನಿಯನ್ನು ಬೇರೆ ಮಾಡಿ ಕೊಡುತ್ತದೆ." ಪೆಟ್ಟಿಗೆ ಬಿಚ್ಚಿ ನೋಡಿದೆ. ಒಂದು ತಂತಿಯೂ ಸಡಿಲವಾಗಿರಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ಕ್ಯಾಸೆಟ್ ಹಾಕಿದೆ.

ರಾಯರ ದನಿ ಉಸಿರು ಸಮೇತ ಬಂದಿತ್ತು. ಮಿಕ್ಸರ್ ಅಷ್ಟು ಚೆನ್ನಾಗಿತ್ತು. ಶ್ರುತಿ ಒಂದು ಕಡೆ, ಅವರು ಒಂದು ಕಡೆ, ಮೂರು ಹಾಡು. ಕೊನೆಗೆ ಬಟನ್ ಒತ್ತಲು ಮರೆತು ಅವರು ಕೇಳಿದ್ದೂ ಅದರಲ್ಲಿತ್ತು: "ಹೆಂಗಾತು?"

ಅನ್ನಪೂರ್ಣಾಬಾಯಿಯವರ ದನಿ ದೂರದಿಂದ ಬಂತು. "ಯಾವಾಗಿನಂಗ ಆತು. ನಾ ದಿನಾ ಕೇಳೋದೇ ಅಲ್ಲ."

ಆಮೇಲೆ ಶ್ರುತಿಪೆಟ್ಟಿಗೆ ಒಂದೇ ಬಹಳ ಹೊತ್ತು ನುಡಿಯಿತು. ಆಮೇಲೆ ಅದೂ ನಿಂತಿತು.

ನಾನು ಅಲ್ಲೇ ಕೂತು ಅತ್ತೆ. ಏಳು ವರ್ಷ ಅವರನ್ನು ಕಾಪಾಡಿದೆ ಎಂದುಕೊಂಡಿದ್ದೆ. ಆ ದನಿಯ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಯಾವ ಗುಂಡಿಯನ್ನೂ ತಿರುಗಿಸದೆ ಬದುಕಿದ್ದಾರೆ. ವಾರಕ್ಕೊಮ್ಮೆ ಎರಡು ಗಂಟೆ ಕೇಳಲಾರದೆ ಹೋದ ನಮಗೇನು ಧಾಡಿ? ಗುರುವಾರ ಏನಾದರೂ ಆಗಲಿ, ಗುಂಡಿ ತೆಗೆಯುವುದೇ ಎಂದು ನಿಶ್ಚಯಿಸಿದೆ.

ಗುರುವಾರ ಸಂಜೆ ಹೋದಾಗ ರಾಯರು ಜಮಖಾನೆ ಹಾಸುತ್ತಿದ್ದರು. ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದ ನನಗೆ ಜೀವ ಬಂದಂತಾಯಿತು. ಮೈಕುಗಳನ್ನು ನಿಲ್ಲಿಸಿದೆ, ಎರಡನೇ ಗುಂಡಿಯನ್ನು ಆಚಾರ್ಯರದರಷ್ಟೇ ಮೇಲೆ ತಂದೆ. ಏಳು ವರ್ಷ ತಿರುಗದ ಗುಂಡಿ ಕರಕರ ಎಂದಿತು. ಆಚಾರ್ಯರು ಅದನ್ನು ನೋಡಿದರು. ಮಂಡಳಿಯವರೆಲ್ಲ ಕೂತರು. ಹಾರ್ಮೋನಿಯಂ ಶುರುವಾಯಿತು.

ರಾಯರು ಹಾಡುವ ಮೊದಲು ಯಾವಾಗಲೂ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಅಂದೂ ಕೆಮ್ಮಿದರು. ಆ ಕೆಮ್ಮು ಬೀದಿಯ ಆ ತುದಿಯ ಗೋಡೆಗೆ ಬಡಿದು ವಾಪಸು ಬಂದು ಗುಡಿಯೊಳಗೆ ಕೇಳಿಸಿತು. ಏಳು ವರ್ಷ ಅವರ ಕೆಮ್ಮು ಹೀಗೆ ವಾಪಸು ಬಂದಿರಲಿಲ್ಲ. ರಾಯರು ಮಾಡಿನ ಕಡೆ ನೋಡಿದರು. ಆಮೇಲೆ ನನ್ನ ಕೈ ಇದ್ದ ಜಾಗವನ್ನು ನೋಡಿದರು. ಸಿಟ್ಟಾಗಲಿಲ್ಲ. ಮೈಕಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ನನ್ನ ಕಡೆ ಬಾಗಿ, ನನಗೊಬ್ಬನಿಗೇ ಕೇಳುವಂತೆ ಮೆಲ್ಲಗೆ ಹೇಳಿದರು.

"ಯಾವಾಗಿನಂಗ ಇಡ್ರಿ ಅಯ್ಯನವರ. ನಾ ಇಲ್ಲೇ ಹಾಡ್ತೀನಿ."

ಮೈಕಿಗೆ ಅಂಗೈ ಏನು ಲೆಕ್ಕ? ಅದು ಹಾರ್ನಿನಲ್ಲಿ ಹಾಯ್ದು ಬೀದಿಗೆಲ್ಲ ಕೇಳಿಸಿತು. ಹೊರಗೆ ನಿಂತವರು ರಾಯರು ಎಷ್ಟು ವಿನಯದವರು ಎಂದು ಆಮೇಲೆ ಮಾತಾಡಿಕೊಂಡರಂತೆ.

ನಾನು ಗುಂಡಿಯನ್ನು ಕೆಳಗಿಳಿಸಿದೆ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ರಾಯರು ಕಣ್ಣು ಮುಚ್ಚಿ ಆಚಾರ್ಯರ ಜೊತೆ ಎತ್ತಿಕೊಂಡರು, ಎಂದಿಗಿಂತ ಜೋರಾಗಿ. ಅಂದು ನಾನು ಆಂಪ್ಲಿಫೈಯರನ್ನು ಬಿಟ್ಟು ಅವರ ಹತ್ತಿರ ಜರುಗಿ ಕೂತು ಕೇಳಿದೆ. ಆದವಾನಿಯ ಜನ ಹಾರ್ನಿನಲ್ಲಿ ಪೂರ್ತಿಯಾಗಿ ಕೇಳಿದ ರಾಯರ ದನಿ ಆ ಒಂದು ಕೆಮ್ಮು, ಆ ಒಂದು ಮಾತು, ಅಷ್ಟೇ.