ಗರುಡ ಕಂಡ ಭಾನುವಾರ

ಮಳವಳ್ಳಿಯಲ್ಲಿ ಮೇಷ್ಟರಾಗಿದ್ದಾಗ ನಾವು ಕೆಲವರು ಸೇರಿ ಹಕ್ಕಿ ನೋಡುವ ಸಂಘ ಕಟ್ಟಿಕೊಂಡಿದ್ದೆವು. ಹುಚ್ಚು ನಮ್ಮದು, ದುರ್ಬೀನು ಮಾತ್ರ ಅಮಲ್ದಾರರಿಂದ ಬೇಡಿ ತಂದದ್ದು.

ಆ ಭಾನುವಾರ ಬೆಳಿಗ್ಗೆ ಕಿರುಗಾವಲಿನ ಕೆರೆ ಏರಿಯ ಮೇಲೆ ನನ್ನ ಭಾಷಣ. ಊರ ಗೌಡರೂ ಬಂದಿದ್ದರು. ಹಕ್ಕಿಯಲ್ಲಿ ಶಕುನ ಹುಡುಕಬಾರದು, ರೆಕ್ಕೆ ಕೊಕ್ಕು ನೋಡಬೇಕು ಎಂದು ನಾನು ಹೇಳುತ್ತಿದ್ದಾಗಲೇ ನೀರಿನ ಮೇಲೆ ಗರುಡ ತೇಲಿ ಬಂತು. ದುರ್ಬೀನನ್ನು ಗೌಡರ ಕೈಗೆ ಕೊಟ್ಟೆ.

"ಏನು ಕಾಣುತ್ತೆ ಗೌಡರೆ?"

"ಬಿಳೀ ಕತ್ತು, ಕೆಂಪು ರೆಕ್ಕೆ... ಅಯ್ಯೋ, ಗರುಡದೇವ್ರು ಕಣ್ ಮೇಷ್ಟ್ರೇ," ಎಂದವರೇ ಎರಡೂ ಕೈ ಎತ್ತಿ ಮುಗಿದರು. ದುರ್ಬೀನು ಕೆರೆಗೆ ಬಿತ್ತು. ಹಿಡಿಯೋಣವೆಂದರೆ ಅಲ್ಲಿ ಯಾರ ಕೈಗೂ ಬಿಡುವಿರಲಿಲ್ಲ. ನನ್ನವೂ ಸೇರಿ ಎಲ್ಲ ಕೈಗಳೂ ಗರುಡನಿಗೆ ಮುಗಿದಿದ್ದವು, ಕಣ್ಣುಗಳು ಭಕ್ತಿಯಿಂದ ಮುಚ್ಚಿದ್ದವು.

"ಕೆರೆ ಬತ್ತಿದ್ಮೇಲೆ ಸಿಕ್ತದೆ ಬುಡಿ," ಎಂದರು ಗೌಡರು. ನಾವು ನಕ್ಕು ನಕ್ಕು ಏರಿಯ ಮೇಲೇ ಕೂತುಬಿಟ್ಟೆವು.

ಅಮಲ್ದಾರರ ಮನೆ ಬಾಗಿಲಲ್ಲಿ ನಿಂತಾಗ ನಗು ಇಳಿಯಿತು. ಅವರು ಆಗ ಬಡ್ತಿಯ ಹುಕುಮಿಗೆ ಕಾಯುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿ ಮೆಲ್ಲಗೆ ಅಂದರು:

"ಅದಿರಲಿ ಮೇಷ್ಟ್ರೇ, ಗರುಡ ಎಡಕ್ಕೆ ಹೋಯಿತೋ, ಬಲಕ್ಕೋ?"

"ಬಲಕ್ಕೇ ಸ್ವಾಮಿ," ಎಂದೆ. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ನಮ್ಮ ಸಂಘದವರೊಬ್ಬರೂ ಹಕ್ಕಿ ನೋಡುತ್ತಿರಲಿಲ್ಲ.