ಬ್ರಷ್ಷಪ್ಪನ ತಪ್ಪು ಕಡೆಯ ಹೃದಯ

ಶಾಲೆಗಳ ಗೋಡೆಯ ಮೇಲೆ ಮನುಷ್ಯನ ಒಳಗನ್ನು ಬರೆಯುವುದು ಬ್ರಷ್ಷಪ್ಪನ ಕಸುಬು. ಹೆಸರು ನಾನಿಟ್ಟದ್ದು. ನನ್ನ ಬಣ್ಣದ ಅಂಗಡಿಗೆ ಮೂವತ್ತು ವರ್ಷದ ಗಿರಾಕಿ, ಮಾತಿನಲ್ಲಿ ನನ್ನನ್ನೂ ಮೀರಿಸುವ ಆಸಾಮಿ. ಶ್ವಾಸಕೋಶಕ್ಕೆ ಗುಲಾಬಿ, ಯಕೃತ್ತಿಗೆ ಕಂದು, ಕರುಳಿಗೆ ಮಾತ್ರ ಡಬ್ಬಿಗಳ ತಳದಲ್ಲಿ ಉಳಿದದ್ದು. “ಕರುಳು ಇಪ್ಪತ್ತಡಿ ಉದ್ದ, ಸಾವುಕಾರ್ರೇ. ಅಷ್ಟುದ್ದಕ್ಕೂ ಒಳ್ಳೇ ಬಣ್ಣ ಬಳಿಯೋಕೆ ದೇವರೇ ಬರಬೇಕು” ಅನ್ನುತ್ತಾನೆ. ಅಕ್ಷರ ಅವನಿಗೆ ಒಲಿಯಲಿಲ್ಲ. ಹಳೆಯ ಪುಸ್ತಕದ ಒಂದೇ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡುತ್ತಾನೆ. ಅಂಗಗಳ ಹೆಸರು ಮೇಷ್ಟರುಗಳಿಂದ ಕೇಳಿ ಕಲಿತದ್ದು.

ಹೋದ ತಿಂಗಳು ಒಂದು ಬೆಳಿಗ್ಗೆ ನಡು ಬಗ್ಗಿಸಿಕೊಂಡು ಬಂದು ಅಂಗಡಿಯ ಸ್ಟೂಲಿನ ಮೇಲೆ ಕುಸಿದ. ಒಂದು ಕೈ ಕಿಬ್ಬೊಟ್ಟೆಯ ಬಲಕ್ಕೆ, ಇನ್ನೊಂದರಲ್ಲಿ ಗುಳಿಗೆ. ಹಿಂದೆಯೇ ಹೆಂಡತಿ.

“ನಿನ್ನೆಯಿಂದ ಹೀಗೇ, ಅಣ್ಣಾ. ಮೊದಲು ಹೊಕ್ಕುಳ ಸುತ್ತ ಅಂದ್ರು, ಈಗ ಇಲ್ಲಿ. ಎರಡು ಸಲ ವಾಂತಿ ಆಯ್ತು, ಮೈ ಸುಡ್ತಿದೆ. ಆಸ್ಪತ್ರೆಗೆ ನಡೀರಿ ಅಂದ್ರೆ ಭೇದಿ ಮಾತ್ರೆ ನುಂಗ್ತೀನಿ ಅಂತಾರೆ.”

ನನ್ನ ಅತ್ತಿಗೆಯ ತಮ್ಮ ಇಂಥದ್ದೇ ನೋವಿಗೆ ಭೇದಿ ಮಾತ್ರೆ ನುಂಗಿ, ಅಪೆಂಡಿಕ್ಸ್ ಒಡೆದು, ಸಾವಿನ ಬಾಯಿಂದ ವಾಪಸು ಬಂದಿದ್ದ. ಅದನ್ನೇ ಹೇಳಿದೆ.

“ಅಪೆಂಡಿಕ್ಸ್ ಇರೋದು ಈ ಕಡೆ.” ಬ್ರಷ್ಷಪ್ಪ ತನ್ನ ಎಡಗಡೆ ತಟ್ಟಿ ತೋರಿಸಿದ. “ನೂರಾರು ಸಲ ಬರೆದಿದ್ದೀನಿ. ಬಲಕ್ಕಿರೋದು ಮಲ ಕೆಳಗಿಳಿಯೋ ಕರುಳು. ಅದು ಕಟ್ಕೊಂಡಿದೆ ಅಷ್ಟೆ.”

“ನೀನು ಬರೆಯೋ ಗೋಡೆಯವನು ನಮ್ಮ ಕಡೆ ಮುಖ ಮಾಡಿದ್ದಾನೆ ತಾನೇ? ಹಾಗಾದ್ರೆ ಅವನ ಎಡ…” ಅನ್ನುತ್ತ ನಾನು ಎದುರು ನಿಂತು ಬಲಗೈ ಎತ್ತಿದೆ. ಅವನು ಅದರ ಎದುರಿನ ಕೈ ಎತ್ತಿದ, ಅದು ಎಡ. ಪಕ್ಕಕ್ಕೆ ನಿಂತೆ, ಬೆನ್ನು ತಿರುಗಿಸಿದೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ನನ್ನದೇ ಅಂಗಡಿಯ ಬಾಗಿಲು ಯಾವ ಕಡೆಗಿದೆ ಅನ್ನುವುದು ತಲೆಗೆ ಹೊಳೆಯಲಿಲ್ಲ.

“ಅದೆಲ್ಲ ಬಿಡು. ಹೃದಯ ಎಡಕ್ಕಲ್ವೇನಯ್ಯಾ?”

ಅವನು ಬೀದಿಯತ್ತ ನೋಡಿ ದನಿ ಇಳಿಸಿದ. “ಊರು ಹಾಗನ್ನುತ್ತೆ. ಪುಸ್ತಕದಲ್ಲಿ ಬಲಕ್ಕಿದೆ. ಯಾರಿಗೂ ಹೇಳ್ಬೇಡಿ, ನನ್ನದು ಮಾತ್ರ ಎಡಕ್ಕೆ ಹೊಡ್ಕೊಳ್ಳುತ್ತೆ. ಹುಟ್ಟುವಾಗಲೇ ಜೋಡಣೆ ತಪ್ಪಿದೆ.”

“ನನ್ನದೂ ಎಡಕ್ಕೇ ಕಣ್ರೀ,” ಎಂದಳು ಹೆಂಡತಿ.

ನಾನೂ ಎದೆ ಮುಟ್ಟಿ ನೋಡಿಕೊಂಡೆ. ಎಡ. ಬ್ರಷ್ಷಪ್ಪ ನಮ್ಮಿಬ್ಬರನ್ನೂ ಮರುಕದಿಂದ ನೋಡಿದ. “ಪಾಪ, ನಿಮ್ಮದೂನಾ?”

ಆಕೆ ಸೆರಗು ಬಿಗಿದಳು. “ಸರಿ, ನಿಮ್ಮ ಜೋಡಣೆ ತಪ್ಪೇ ಅಂತಿಟ್ಕೊಳ್ಳಿ. ಹೃದಯ ಬಲದಿಂದ ಎಡಕ್ಕೆ ಬಂದಿದ್ರೆ, ಅಪೆಂಡಿಕ್ಸು ಎಡದಿಂದ ಬಲಕ್ಕೆ ಹೋಗಿರುತ್ತೆ. ನೋವು ಎಲ್ಲಿದೆ ಈಗ? ಏಳಿ.”

ಅವನು ಹೊಟ್ಟೆಯ ಮೇಲಿನ ಕೈಯನ್ನು ಎಡಕ್ಕೊಯ್ದ, ಮತ್ತೆ ಬಲಕ್ಕೇ ತಂದ. ಆಕೆ ಗುಳಿಗೆ ಕಿತ್ತು ಚರಂಡಿಗೆ ಎಸೆದಳು. ನಾನು ಆಟೋ ಕರೆದೆ. ಆಸ್ಪತ್ರೆಯಲ್ಲಿ ಡಾಕ್ಟರು ಬಲಕ್ಕೆ ಒತ್ತಿ ಕೈ ತೆಗೆದೊಡನೆ ಅವನು ಮಂಚದ ಮೇಲೆ ಬಿಲ್ಲಾದ. ಮಧ್ಯಾಹ್ನವೇ ಕೊಯ್ದು ತೆಗೆದರು. ಸಂಜೆಯವರೆಗೆ ಕಾದಿದ್ದರೆ ಒಡೆಯುತ್ತಿತ್ತಂತೆ.

ವಾರದ ಮೇಲೆ ನೋಡಲು ಅವನ ಮನೆಗೆ ಹೋದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಬ್ರಷ್ಷಪ್ಪ ಅಂಗಿ ಬಿಚ್ಚಿ, ಹೊಟ್ಟೆಯ ಹೊಲಿಗೆ ನೋಡಲು ನಿಲುವುಗನ್ನಡಿಯ ಮುಂದೆಯೇ ನಿಂತಿದ್ದ.

“ಸಾವುಕಾರ್ರೇ, ಹೊಲಿಗೆ ನನ್ನ ಬಲಕ್ಕಿದೆ. ಕನ್ನಡಿಯೊಳಗೂ ನನ್ನ ಬಲಗೈ ಕಡೆಗೇ ಕಾಣುತ್ತೆ. ಗೋಡೆಯವನ ಅಪೆಂಡಿಕ್ಸು ಮಾತ್ರ ನನ್ನ ಎಡಗೈ ಕಡೆಗೆ. ಇಬ್ಬರೂ ನನ್ನತ್ತಲೇ ಮುಖ ಮಾಡಿದ್ದಾರೆ. ಸುಳ್ಳು ಹೇಳ್ತಿರೋನು ಯಾರು?”

ಉತ್ತರ ಗೊತ್ತಿದ್ದರೆ ನಾನು ಬಣ್ಣ ಯಾಕೆ ಮಾರುತ್ತಿದ್ದೆ? ಪಕ್ಕದಲ್ಲಿ ನಿಂತು ನಾನೂ ಕನ್ನಡಿ ನೋಡಿದೆ.

“ರೀ, ಮೊದಲು ಅಂಗಿ ಹಾಕ್ಕೊಳ್ಳಿ,” ಎಂದಳು ಹೆಂಡತಿ.

ಅವನು ಕನ್ನಡಿಯಿಂದ ಕಣ್ಣು ಕೀಳದೆ, ಎಡಗೈಯನ್ನು ಅಂಗಿಯ ಬಲತೋಳಿಗೆ ತೂರಿಸಿದ.