ಜಗನ್ನಾಥ ಭಾವನ ಕಂಪಾಸು

ಹೋದ ಭಾನುವಾರ ಮಂಗಳೂರು ಬಂದರಿನ ಧಕ್ಕೆಯಲ್ಲಿ, ಊರಿನವರೆಲ್ಲ ನೋಡುತ್ತಿರುವಂತೆ, ನನ್ನ ಕೊಡೆಯನ್ನು ಕಸಿದುಕೊಳ್ಳಲಾಯಿತು. ಕಸಿದುಕೊಂಡವರು ಅನ್ಯರಲ್ಲ; ನನ್ನ ಹೆಂಡತಿಯ ಅಣ್ಣ ಜಗನ್ನಾಥ ಭಾವ.

"ಭಾವಾ, ಕೊಡೆ ಇಲ್ಲಿ ಕೊಡಿ. ವಾಚೂ ಬಿಚ್ಚಿ."

"ಎಂತಕ್ಕೆ? ನಾನೆಂತ ಕಳ್ಳನಾ?"

"ಕಬ್ಬಿಣ ಮಾರಾಯ್ರೆ! ಕಂಪಾಸಿನ ಹತ್ತಿರ ಕಬ್ಬಿಣ ಬಂದ್ರೆ ಮುಳ್ಳು ಆಚೆ ವಾಲ್ತದೆ. ಮತ್ತೆ ನಿಮ್ಮ ಕೊಡೆ ಕರೆದಲ್ಲಿಗೆ ಬೋಟು ಹೋಗ್ತದೆ."

ಕೊಡೆ, ವಾಚು, ಬೀಗದ ಕೈ ಎಲ್ಲವೂ ಒಂದು ಮೀನಿನ ಬುಟ್ಟಿಯನ್ನು ಸೇರಿ ಬೋಟಿನ ಹಿಂತುದಿಗೆ ಹೋದವು. (ಕೊಡೆಯನ್ನು ಸೋಪಿನಲ್ಲಿ ತೊಳೆಸಿದ್ದೇನೆ. ವಾಸನೆ ಹೋಗಿಲ್ಲ.)

ಎಪ್ಪತ್ತರ ದಶಕದಲ್ಲಿ ಭೂಮಿ ಒಕ್ಕಲುಗಳ ಪಾಲಾದಾಗ ಭಾವನ ಮನೆತನದ ಉಳಿದವರು ಹೋಟೆಲು ತೆರೆದರು. ಭಾವ ಬೋಟು ಕೊಂಡರು. ಕೊಂಡು ದಡದಲ್ಲಿ ಕೂರಲಿಲ್ಲ. ಸ್ಟಿಯರಿಂಗ್ ಹಿಡಿಯಲು ಸ್ವತಃ ಕಲಿತರು. ಅದರ ಮುಂದೆ, ಮರದ ಪೆಟ್ಟಿಗೆಯಲ್ಲಿ, ಹಿತ್ತಾಳೆಯ ಕಂಪಾಸು.

ಅಂದು ನಮ್ಮೊಡನೆ ಬೆಂಗಳೂರಿನ ಒಬ್ಬ ಸೇಲ್ಸ್‌ಮನ್ ಇದ್ದ. ರೇಡಿಯೋ ಯಾವ ಕಡೆಯಿಂದ ಕೇಳಿಸುತ್ತದೆಂದು ಹಿಡಿದು ದಿಕ್ಕು ತೋರಿಸುವ ಮಿಷನ್ನೊಂದನ್ನು ಮಾರಲು ಬಂದವನು. ಕಂಪಾಸನ್ನು ನೋಡಿ, "ಇದನ್ನ ಮ್ಯೂಸಿಯಂಗೆ ಕೊಟ್ಬಿಡಿ ಸಾರ್" ಎಂದ. ನನ್ನನ್ನು ನೋಡಿ, "ತಾತ, ಸ್ವಲ್ಪ ಸರೀರಿ" ಎಂದ. (ತಾತ! ನನಗಿನ್ನೂ ಅರವತ್ತು ತುಂಬಿಲ್ಲ. ನಾನು ಮರೆಯುವವನಲ್ಲ.) ಭಾವ ಅವನನ್ನೂ ಅವನ ಮಿಷನ್ನನ್ನೂ ಬುಟ್ಟಿಯ ಪಕ್ಕಕ್ಕೇ ಕಳುಹಿಸಿದರು. ನನಗೆ ಅಷ್ಟು ಸಮಾಧಾನ.

ಹೊಳೆ ಕಡಲು ಸೇರುವ ಅಳಿವೆ ದಾಟಿದೊಡನೆ ಭಾವ ಒಮ್ಮೆ ಹಿಂತಿರುಗಿ ದಡವನ್ನು ನೋಡಿದರು, ಒಮ್ಮೆ ಮುಳ್ಳನ್ನು ನೋಡಿದರು. ಹೋಗುವಾಗ ಯಾವ ದಿಕ್ಕು ಹಿಡಿದೆವೋ, ಬರುವಾಗ ಅದಕ್ಕೆ ನೇರ ಎದುರು ದಿಕ್ಕು. ಅಷ್ಟೇ ಅವರ ಲೆಕ್ಕ.

ಹೊರಗೆ ಹೋಗಿ ಬೋಟು ತಿರುಗಿಸುವಷ್ಟರಲ್ಲಿ ಮಳೆ ಬಂತು. ಎಂಥ ಮಳೆ! ದಡ ಇಲ್ಲ, ಆಕಾಶ ಇಲ್ಲ. ಭರತದ ನೀರು ಇಳಿಯಲು ಶುರುವಾಗುವುದರೊಳಗೆ ಅಳಿವೆಯನ್ನು ಹೊಗಬೇಕು. ತಡವಾದರೆ ಅದರ ಬಾಯಲ್ಲಿರುವ ಮರಳಿನ ದಿಬ್ಬ ಬೋಟನ್ನು ಹಿಡಿದು ತೆರೆಗೆ ಒಪ್ಪಿಸುತ್ತದೆ. ನನಗೆ ಈಜು ಬಾರದು.

ಹಿಂದಿನಿಂದ ಕೂಗು ಕೇಳಿತು. "ಸಾರ್, ಎಡಕ್ಕೆ ತಿರುಗಿಸಿ! ಮಂಗಳೂರು ಎಡಗಡೆ ಇದೆ!"

"ಅದು ಮಂಗಳೂರಲ್ಲ," ಎಂದರು ಭಾವ.

"ಮಂಗಳೂರು ಸ್ಟೇಷನ್ನೇ ಸಾರ್! ಈಗಷ್ಟೇ ಹೆಸರು ಹೇಳಿದ್ರು. ನಿಮ್ಮ ಕಂಪಾಸ್ ಕೆಟ್ಟಿದೆ!"

ಮಿಷನ್ನಿನಲ್ಲಿ ಒಬ್ಬ ಹೆಣ್ಣುಮಗಳು ಸ್ಪಷ್ಟವಾಗಿ, ಇಂಪಾಗಿ ಹಾಡುತ್ತಿದ್ದಳು. ಇತ್ತ ಹಿತ್ತಾಳೆಯ ಡಬ್ಬಿಯಲ್ಲಿ ನಡುಗುವ ಒಂದು ಮುಳ್ಳು. ನೀವಾಗಿದ್ದರೆ ಯಾರನ್ನು ನಂಬುತ್ತಿದ್ದಿರಿ?

"ಭಾವಾ, ಒಮ್ಮೆ ಆ ಕಡೆ ಹೋಗಿ ನೋಡಿದ್ರೆ ಎಂತ?" ಎಂದೆ.

"ಆ ಕಡೆ ಹೋದ್ರೆ ಸುರತ್ಕಲ್ಲಿನ ಬಂಡೆ ನೋಡ್ಬಹುದು. ರೇಡಿಯೋದವರು ಮಾತಾಡುವುದು ಮಂಗಳೂರಲ್ಲಿ. ಅದನ್ನು ಗಾಳಿಗೆ ಬಿಡುವ ಕಂಬ ಇರುವುದು ಅಲ್ಲಿಂದ ಎಷ್ಟೋ ಬಡಗಕ್ಕೆ, ಬ್ರಹ್ಮಾವರದಲ್ಲಿ. ಮಿಷನ್ನಿಗೆ ಬೇಕಾದ್ದು ಕಂಬ. ನನಗೆ ಬೇಕಾದ್ದು ಅಳಿವೆ. ಸುಮ್ಮನೆ ಕೂತ್ಕೊಳ್ಳಿ!"

(ಅಳಿಯನಾಗಿ ಆ ಮನೆಗೆ ಕಾಲಿಟ್ಟಂದಿನಿಂದ ಯಾರೂ ನನಗೆ ಹೀಗೆ ಗದರಿರಲಿಲ್ಲ. ಕೂತೆ.)

ಆಮೇಲೆ ನಾನು ಕಂಡದ್ದನ್ನು ಬರೆಯದಿದ್ದರೆ ಅನ್ಯಾಯವಾದೀತು. ತೆರೆ ಬೋಟನ್ನು ಎತ್ತಿ ಓರೆಗೆ ಎಸೆಯುತ್ತಿತ್ತು. ಭಾವ ಗಾಬರಿಯಿಂದ ತಿದ್ದಲಿಲ್ಲ. ಓಲಾಡುವ ಮುಳ್ಳು ತಂಗುವವರೆಗೆ ಕಾದರು, ಆಮೇಲೆ ಚೂರೇ ತಿರುಗಿಸಿದರು. "ನೀರು ತೆಂಕಕ್ಕೆ ಎಳೀತಾ ಉಂಟು" ಎಂದು ತಮಗೆ ತಾವೇ ಹೇಳಿಕೊಂಡು, ಒಂದು ಕೂದಲಿನಷ್ಟು ಬಡಗಕ್ಕೆ ಹಿಡಿದರು. ಸೇಲ್ಸ್‌ಮನ್ ಕೂಗುತ್ತಲೇ ಇದ್ದ. ಅವರ ಭುಜ ಸಹ ಅಲುಗಲಿಲ್ಲ.

ಮಳೆಯ ಪರದೆ ತುಸು ಹರಿದಾಗ ಎದುರಿಗೆ ಎರಡು ಬಿಳಿ ತೆರೆಸಾಲುಗಳು, ನಡುವೆ ಕಪ್ಪಗಿನ ಶಾಂತ ನೀರು: ಅಳಿವೆಯ ಬಾಯಿ. ಬೋಟಿನ ಮೂತಿ ನೇರವಾಗಿ ಅದರ ಮೇಲಿತ್ತು. ನಾನು ಎದ್ದು ನಿಂತು ಕೈಮುಗಿದೆ. ಸಮುದ್ರಕ್ಕೋ ಭಾವನಿಗೋ, ತಿಳಿಯದು.

ಮಿಷನ್ ಸುಳ್ಳು ಹೇಳಲಿಲ್ಲ, ನಿಜ. ಅದು ಏನನ್ನು ತೋರಿಸುತ್ತಿದೆಯೆಂದು ಮಾರುವವನಿಗೇ ಗೊತ್ತಿರಲಿಲ್ಲ. ಕಲರ್ ಟೀವಿಯ ಈ ಕಾಲದಲ್ಲಿ, ಇಂಪಾಗಿ ಕೇಳಿಸಿದ್ದೆಲ್ಲ ನಮ್ಮೂರಿನ ದಾರಿಯೆಂದು ನಂಬುವವರು ಅವನೊಬ್ಬನೇ ಏನು?

ಬುಧವಾರ ಕುದ್ರೋಳಿಯ ಚಹಾದಂಗಡಿಯಲ್ಲಿ ಅದೇ ಸೇಲ್ಸ್‌ಮನ್ ಇನ್ನೊಬ್ಬರು ಬೋಟಿನ ಮಾಲೀಕರಿಗೆ ಹೇಳುತ್ತಿದ್ದ: "ಮೊನ್ನೆ ಅಂಥಾ ಮಳೇಲೂ ನಮ್ಮ ಮಿಷನ್ ಇದ್ದ ಬೋಟು ಸೇಫಾಗಿ ಬಂತು ಸಾರ್!"

ಜಗನ್ನಾಥ ಭಾವ ಅಂದು ಆ ಮಿಷನ್ನಿನ ಮಾತು ಕೇಳಿದ್ದರೆ, ಈ ಮಾತನ್ನು ಅವನು ಈಗ ಯಾರಿಗೆ ಹೇಳುತ್ತಿದ್ದ, ಮೀನುಗಳಿಗೆ?